ಸಣ್ಣ ರಂಧ್ರದ ಮೂಲಕ ಮೂರ್ಛೆರೋಗದ ಶಸ್ತ್ರಚಿಕಿತ್ಸೆ: ಮೈಸೂರು, ಮಂಡ್ಯ ಕಡೆಯ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಗಟ್ಟಲೆ ಮಾತ್ರೆ ನುಂಗಿದರೂ ಫಿಟ್ಸ್ ಹತೋಟಿಗೆ ಬಾರದೆ, ವೈದ್ಯರ ಬಾಯಿಂದ ಮೊದಲ ಸಲ ಆಪರೇಷನ್ ಎಂಬ ಮಾತು ಕೇಳಿ ಮನೆಗೆ ಮರಳಿದವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ತಲೆಬುರುಡೆಯನ್ನು ಅಗಲವಾಗಿ ತೆರೆಯದೆ ಮಾಡುವ ಚಿಕಿತ್ಸೆಗಳು ಬಂದ ಮೇಲೆ ಜನರ ಭಯ ಕಡಿಮೆಯಾಗಿರುವುದು ಸಂತೋಷದ ಸಂಗತಿ. ಆದರೆ ಗಾಯ ಚಿಕ್ಕದಾದ್ದರಿಂದ ತೀರ್ಮಾನವನ್ನೂ ಬೇಗ ತೆಗೆದುಕೊಂಡುಬಿಡಬಹುದು ಎಂಬ ಎಣಿಕೆ ಸರಿಯಲ್ಲ. ಸೆಳವು ಮೆದುಳಿನ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂಬುದು ಖಚಿತವಾಗದ ಹೊರತು ರಂಧ್ರ ದೊಡ್ಡದಿರಲಿ, ಸಣ್ಣದಿರಲಿ, ಫಲ ಸಿಗುವುದಿಲ್ಲ. ಹೀಗಾಗಿ ಇಲ್ಲಿ ಆಪರೇಷನ್ ದಿನಕ್ಕಿಂತ ಅದಕ್ಕೆ ಮುಂಚಿನ ತಿಂಗಳುಗಳ ಬಗ್ಗೆಯೇ ಹೆಚ್ಚು ಹೇಳಲಾಗಿದೆ.

ಆಪರೇಷನ್ ಬಗ್ಗೆ ಯಾವಾಗ ಯೋಚಿಸಬೇಕು?

ರೋಗಕ್ಕೆ ಸರಿಯಾಗಿ ಆರಿಸಿದ ಎರಡು ಔಷಧಗಳನ್ನು, ಬೇರೆ ಬೇರೆಯಾಗಿಯೋ ಒಟ್ಟಿಗೋ, ಸಾಕಷ್ಟು ಪ್ರಮಾಣದಲ್ಲಿ ತಪ್ಪದೆ ತೆಗೆದುಕೊಂಡ ಮೇಲೂ ಸೆಳವು ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಮೂರ್ಛೆರೋಗ ಎಂದು ಪರಿಗಣಿಸಬೇಕೆಂದು ಮೂರ್ಛೆರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವು 2010ರಲ್ಲಿ ಹೇಳಿತು. ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಈ ಗುಂಪಿಗೆ ಸೇರುತ್ತಾರೆ. ಇಂಥವರನ್ನು, ವಯಸ್ಸು 70 ಮೀರಿರದಿದ್ದರೆ, ರೋಗ ಎಷ್ಟು ವರ್ಷ ಹಳೆಯದೆಂದು ನೋಡದೆ, ಶಸ್ತ್ರಚಿಕಿತ್ಸೆಯ ಪರಿಶೀಲನೆಗೆ ಕಳುಹಿಸಬೇಕೆಂಬುದು ಅದೇ ಒಕ್ಕೂಟ 2022ರಲ್ಲಿ ಪ್ರಕಟಿಸಿದ ಶಿಫಾರಸು. ಪರಿಶೀಲನೆಗೆ ಹೋದವರೆಲ್ಲರೂ ಆಪರೇಷನ್ ಮಾಡಿಸಿಕೊಳ್ಳಲೇಬೇಕೆಂದೇನೂ ಇಲ್ಲ. ಆಗುತ್ತದೆಯೋ ಇಲ್ಲವೋ ಎಂದು ತಿಳಿಯುವುದಷ್ಟೇ ಮೊದಲ ಹೆಜ್ಜೆ.

ಇಲ್ಲಿ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ಮಾತ್ರೆ ಮುಗಿದ ಮೇಲೆ ಸಂತೆಯ ದಿನದವರೆಗೆ ಕಾಯುವುದು, ಹಬ್ಬದ ಉಪವಾಸಕ್ಕೆಂದು ಬೆಳಗಿನ ಮಾತ್ರೆ ಬಿಡುವುದು, ಎರಡು ತಿಂಗಳು ಫಿಟ್ಸ್ ಬರಲಿಲ್ಲವೆಂದು ಮನೆಯವರೇ ಪ್ರಮಾಣ ಇಳಿಸುವುದು ನಡೆದಿದ್ದರೆ, ಔಷಧ ಸೋತಿದೆ ಎಂದು ಹೇಳಲು ಬರುವುದಿಲ್ಲ. ಇದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ. ಇನ್ನೊಂದು ಕಡೆ, ಎಲ್ಲವನ್ನೂ ಸರಿಯಾಗಿ ನುಂಗಿದ್ದರೂ "ಇದೊಂದು ಮಾತ್ರೆ ಬದಲಾಯಿಸಿ ನೋಡೋಣ" ಎನ್ನುತ್ತಲೇ ಹತ್ತು ಹದಿನೈದು ವರ್ಷ ಕಳೆದುಬಿಡುವುದು ಇನ್ನೂ ದೊಡ್ಡ ನಷ್ಟ. ಶಾಲೆ ಬಿಟ್ಟ ಮಗುವಿಗೆ, ಕೆಲಸ ಹೋದ ಯುವಕನಿಗೆ ಆ ವರ್ಷಗಳು ಮರಳಿ ಸಿಗುವುದಿಲ್ಲ.

ಎಲ್ಲ ಬಗೆಯ ಫಿಟ್ಸಿಗೂ ಆಪರೇಷನ್ ಆಗುತ್ತದೆಯೇ?

ಆಗುವುದಿಲ್ಲ. ಮೆದುಳಿನ ಒಂದು ನಿರ್ದಿಷ್ಟ ಭಾಗದಿಂದ ಸೆಳವು ಹೊರಡುತ್ತಿದ್ದು, ಆ ಭಾಗವನ್ನು ಸುಟ್ಟರೆ ಅಥವಾ ತೆಗೆದರೆ ಮಾತು, ಕೈಕಾಲು, ನೆನಪುಗಳಿಗೆ ದೊಡ್ಡ ಹಾನಿಯಾಗದು ಎಂದಾದಾಗ ಮಾತ್ರ ರೋಗವನ್ನು ಗುಣಪಡಿಸುವ ಉದ್ದೇಶದ ಶಸ್ತ್ರಚಿಕಿತ್ಸೆ ಸಾಧ್ಯ. ಮೆದುಳಿನ ಎರಡೂ ಬದಿಯಲ್ಲಿ ಏಕಕಾಲಕ್ಕೆ ಶುರುವಾಗುವ ಸೆಳವುಗಳಿಗೆ ಇದು ಹೊಂದುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ, ಲಾಡಿಹುಳುವಿನ ಮರಿಯಿಂದಾಗುವ ಮೆದುಳಿನ ಗಂಟು ಬಹುತೇಕ ಔಷಧದಿಂದಲೇ ಕರಗುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಬಗೆಯನ್ನೂ ಇಲ್ಲಿ ಹೇಳಲೇಬೇಕು. ಹಂಡೆಯಿಂದ ಸುಡುಸುಡುವ ನೀರನ್ನು ಚೊಂಬಿನಲ್ಲಿ ತೋಡಿ ನೆತ್ತಿಯ ಮೇಲೆ ಒಂದರ ಹಿಂದೊಂದು ಸುರಿದುಕೊಳ್ಳುವಾಗ ಬರುವ ಬಿಸಿನೀರಿನ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ಡಾ. ಕೆ.ಎಸ್. ಮಣಿ, ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮೊದಲಾದವರು ಇದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಸ್ನಾನದ ವೇಳೆ ಮಾತ್ರ ಬರುವವರಿಗೆ ನೀರಿನ ಬಿಸಿ ತಗ್ಗಿಸಿದರೆ, ಬೇಕಾದರೆ ತಲೆಸ್ನಾನಕ್ಕೆ ಮುಂಚೆ ವೈದ್ಯರು ಹೇಳಿದ ಮಾತ್ರೆಯೊಂದನ್ನು ತೆಗೆದುಕೊಂಡರೆ, ಬಹುಮಟ್ಟಿಗೆ ಸಾಕಾಗುತ್ತದೆ. ಆದ್ದರಿಂದ ಫಿಟ್ಸ್ ಬಚ್ಚಲಲ್ಲೇ ಬರುತ್ತದೆಯೇ, ಬೇರೆ ಹೊತ್ತಿನಲ್ಲೂ ಬರುತ್ತದೆಯೇ ಎಂಬುದನ್ನು ಮರೆಯದೆ ತಿಳಿಸಿ.

ವೈದ್ಯರಿಗೆ ಏನೇನು ಹೇಳಬೇಕು?

ಸೆಳವು ಶುರುವಾಗುವ ಮೊದಲ ಕೆಲವು ಕ್ಷಣಗಳನ್ನು. ಮನೆಯವರು ಸಾಮಾನ್ಯವಾಗಿ ಕೈಕಾಲು ಅದುರಿದ್ದು, ಬಾಯಲ್ಲಿ ನೊರೆ ಬಂದದ್ದು, ಕೈಗೆ ಬೀಗದ ಕೈ ಕೊಟ್ಟದ್ದು ಹೇಳುತ್ತಾರೆ. ತಜ್ಞರಿಗೆ ಅದಕ್ಕಿಂತ ಮುಖ್ಯವಾದದ್ದು ಅದರ ಹಿಂದಿನದು. ಹೊಟ್ಟೆಯಿಂದ ಏನೋ ಎದೆಯತ್ತ ಏರಿಬಂದಂತಾಗುವುದು, ಕಾರಣವಿಲ್ಲದೆ ಭಯವಾಗುವುದು. ಬಳಿಕ ಅಡುಗೆ ಮಾಡುತ್ತಿದ್ದವರು ಸೌಟು ಹಿಡಿದಂತೆಯೇ ದಿಟ್ಟಿಸುತ್ತ ನಿಂತು, ಏನೂ ಬಾಯಲ್ಲಿಲ್ಲದಿದ್ದರೂ ಚಪ್ಪರಿಸುತ್ತ, ಒಂದು ಕೈಯಲ್ಲಿ ಸೆರಗನ್ನು ಹಿಸುಕುತ್ತಿರುವುದು. ಇನ್ನೊಂದು ಕೈ ಸೆಟೆದು ನಿಲ್ಲುವುದು. ಈ ಚಿತ್ರ ಕಿವಿಯ ಮೇಲ್ಭಾಗಕ್ಕೆ ಒಳಗಿರುವ ಟೆಂಪೊರಲ್ ಲೋಬ್ ಎಂಬ ಭಾಗದತ್ತ ಬೆರಳು ತೋರುತ್ತದೆ, ಯಾವ ಕೈ ಸೆಟೆಯಿತು ಎಂಬುದರಿಂದ ಎಡವೋ ಬಲವೋ ಎಂಬ ಸುಳಿವೂ ಸಿಗುತ್ತದೆ. ಎಳವೆಯಲ್ಲಿ ಜ್ವರದ ಜೊತೆ ದೀರ್ಘಕಾಲ ಫಿಟ್ಸ್ ಬಂದಿತ್ತೇ ಎಂಬುದನ್ನು ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ ತಿಳಿದುಕೊಳ್ಳಿ. ಟೆಂಪೊರಲ್ ಲೋಬಿನ ಒಳಗಿರುವ ಹಿಪೋಕ್ಯಾಂಪಸ್ ಎಂಬ ನೆನಪಿನ ಭಾಗ ಗಟ್ಟಿಯಾಗಿ ಕುಗ್ಗುವುದಕ್ಕೂ ಅದಕ್ಕೂ ಸಂಬಂಧವಿರುವುದುಂಟು.

ಒಬ್ಬರು ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ನೋಡಿಕೊಳ್ಳುತ್ತಿದ್ದರೆ ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಲಿ. ಮುಖ ಮತ್ತು ಎರಡೂ ಕೈಗಳು ಕಾಣುವಂತಿರಲಿ. ಅದು ವೈದ್ಯರಿಗೆ ನೂರು ಮಾತಿಗಿಂತ ಹೆಚ್ಚು ನೆರವಾಗುತ್ತದೆ. ಸೆಳವು ಐದು ನಿಮಿಷ ದಾಟಿದರೆ ಚಿತ್ರೀಕರಣ ಬಿಟ್ಟು 108ಕ್ಕೆ ಕರೆ ಮಾಡಿ.

ಸಣ್ಣ ರಂಧ್ರದ ಚಿಕಿತ್ಸೆಗಳಲ್ಲಿ ಯಾವ್ಯಾವ ಬಗೆಗಳಿವೆ?

ಲೇಸರ್ ವಿಧಾನದಲ್ಲಿ ಕೆಲವೇ ಮಿಲಿಮೀಟರ್ ಅಗಲದ ರಂಧ್ರದ ಮೂಲಕ ತೆಳುವಾದ ಲೇಸರ್ ತಂತುವನ್ನು ಗುರಿಯ ಜಾಗಕ್ಕೆ ಇಳಿಸಿ, ರೋಗಿ ಎಂ.ಆರ್.ಐ. ಯಂತ್ರದೊಳಗೆ ಇರುವಾಗಲೇ ಆ ಭಾಗವನ್ನು ಕಾಯಿಸಿ ನಿಷ್ಕ್ರಿಯಗೊಳಿಸುತ್ತಾರೆ. ಎಷ್ಟು ಜಾಗ ಎಷ್ಟು ಕಾದಿದೆ ಎಂಬುದು ಪರದೆಯ ಮೇಲೆ ಕ್ಷಣಕ್ಷಣಕ್ಕೂ ಕಾಣುವುದರಿಂದ ಪಕ್ಕದ ನರ, ರಕ್ತನಾಳಗಳ ಹತ್ತಿರ ಬಿಸಿ ಹೋಗುವ ಮೊದಲೇ ನಿಲ್ಲಿಸಬಹುದು. ಬಹಳಷ್ಟು ಮಂದಿ ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ. ಈ ಯಂತ್ರ ಎಲ್ಲ ಆಸ್ಪತ್ರೆಗಳಲ್ಲೂ ಇರುವಂಥದ್ದಲ್ಲ. ಹೊರಡುವ ಮೊದಲೇ ವಿಚಾರಿಸಿ.

ರೇಡಿಯೋ ಫ್ರೀಕ್ವೆನ್ಸಿ ವಿಧಾನ ಇದಕ್ಕಿಂತ ಸರಳ. ಸೆಳವಿನ ಮೂಲ ಹುಡುಕಲು ಮೆದುಳಿನೊಳಗೆ ಇಳಿಸಿದ ಅದೇ ವಿದ್ಯುತ್ ತಂತಿಗಳ ಮೂಲಕ ವಿದ್ಯುತ್ ಹರಿಸಿ, ತಂತಿಯ ಸುತ್ತಲಿನ ಕೆಲವು ಮಿಲಿಮೀಟರ್ ಜಾಗವನ್ನು ಸುಡುತ್ತಾರೆ. ಮೆದುಳಿಗೆ ನೋವಿನ ಅರಿವಿಲ್ಲದ ಕಾರಣ ಇದನ್ನು ರೋಗಿ ಎಚ್ಚರವಿರುವಾಗ, ಮಾತನಾಡಿಸುತ್ತಲೇ ಮಾಡಬಹುದು. ಸುಡುವ ಜಾಗ ಚಿಕ್ಕದಾದ್ದರಿಂದ ಪೂರ್ಣ ಗುಣವಾಗುವವರ ಪ್ರಮಾಣವೂ ಕಡಿಮೆ, ಸುಮಾರು ನಾಲ್ವರಲ್ಲಿ ಒಬ್ಬರು. ಆದರೆ ಸೆಳವುಗಳು ಅರ್ಧಕ್ಕಿಂತ ಕಡಿಮೆಯಾಗುವವರು ಅದಕ್ಕಿಂತ ಬಹಳ ಹೆಚ್ಚು, ಮತ್ತು ಮುಂದೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸುವ ದಾರಿ ಮುಚ್ಚುವುದಿಲ್ಲ.

ಎಂಡೋಸ್ಕೋಪ್ ಎಂಬ ತೆಳು ಕೊಳವೆಯ ಮೂಲಕ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಕತ್ತರಿಸುವುದು ಇನ್ನೊಂದು ವಿಧಾನ. ದೆಹಲಿಯ ಏಮ್ಸ್ ಇದರಲ್ಲಿ ಬಹಳ ಕೆಲಸ ಮಾಡಿದೆ. ಗಾಮಾ ನೈಫ್‌ನಲ್ಲಿ ರಂಧ್ರವೇ ಇಲ್ಲ, ಕಿರಣಗಳಷ್ಟೇ. ಆದರೆ ಫಲ ಕಾಣಲು ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ಕುತ್ತಿಗೆಯ ವೇಗಸ್ ನರಕ್ಕೆ ಬ್ಯಾಟರಿ ಜೋಡಿಸುವ ಚಿಕಿತ್ಸೆಯನ್ನು ಇವುಗಳ ಜೊತೆ ಸೇರಿಸಿ ಮಾತನಾಡುವುದುಂಟು. ಅದು ಸೆಳವುಗಳನ್ನು ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸುವುದು ಅಪರೂಪ. ಮೂಲವನ್ನು ತೆಗೆಯಲು ಸಾಧ್ಯವಿಲ್ಲವೆಂದು ಖಚಿತವಾದ ಮೇಲೆ ಯೋಚಿಸುವ ದಾರಿ ಅದು.

ಹಾಗಾದರೆ ತೆರೆದ ಶಸ್ತ್ರಚಿಕಿತ್ಸೆಗಿಂತ ಇದೇ ಒಳ್ಳೆಯದಲ್ಲವೇ?

ಯಾವಾಗಲೂ ಅಲ್ಲ. ತೆರೆದ ಶಸ್ತ್ರಚಿಕಿತ್ಸೆಗೆ ಬಲವಾದ ಪುರಾವೆಯಿದೆ. ಕೆನಡಾದಲ್ಲಿ ಟೆಂಪೊರಲ್ ಲೋಬ್ ಮೂರ್ಛೆಯ 80 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 58ರಷ್ಟು ಮಂದಿ ಒಂದು ವರ್ಷದ ಬಳಿಕ ಪ್ರಜ್ಞೆ ತಪ್ಪಿಸುವ ಸೆಳವುಗಳಿಂದ ಮುಕ್ತರಾಗಿದ್ದರು. ಮಾತ್ರೆಯಷ್ಟನ್ನೇ ಮುಂದುವರಿಸಿದವರಲ್ಲಿ ಶೇ. 8. ಮಕ್ಕಳ ವಿಚಾರದಲ್ಲಿ ದೆಹಲಿಯ ಏಮ್ಸ್‌ನಲ್ಲೇ 116 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಅಂತರ ಇನ್ನೂ ದೊಡ್ಡದು: ಶೇ. 77 ಮತ್ತು ಶೇ. 7. ಲೇಸರಿನ ಬಗ್ಗೆ ಹಲವು ಆಸ್ಪತ್ರೆಗಳ 234 ರೋಗಿಗಳನ್ನು ಒಟ್ಟುಗೂಡಿಸಿದ 2019ರ ವರದಿಯಲ್ಲಿ ಬಾಧಿಸುವ ಸೆಳವುಗಳಿಂದ ಮುಕ್ತರಾದವರು ಶೇ. 58ರಷ್ಟು. ಈ ಅಂಕಿಗಳನ್ನು ಎದುರುಬದುರು ಇಟ್ಟು ತೂಗಬಾರದು, ಏಕೆಂದರೆ ರೋಗಿಗಳೂ ಬೇರೆ, ಎಣಿಸಿದ ಕ್ರಮವೂ ಬೇರೆ. ಒಟ್ಟಾರೆ ನೋಡಿದರೆ ಸೆಳವು ನಿಲ್ಲಿಸುವುದರಲ್ಲಿ ತೆರೆದ ಶಸ್ತ್ರಚಿಕಿತ್ಸೆ ಸ್ವಲ್ಪ ಮುಂದಿದೆ. ವಸ್ತುಗಳ, ಜನರ ಹೆಸರು ಹೇಳುವ ಶಕ್ತಿಯನ್ನು ಉಳಿಸಿಕೊಳ್ಳುವುದರಲ್ಲಿ, ಬೇಗ ಚೇತರಿಸಿಕೊಳ್ಳುವುದರಲ್ಲಿ ಲೇಸರ್ ಮುಂದಿದೆ.

ಹೀಗಾಗಿ ಮಾತಿನ ಬದಿಯ, ಅಂದರೆ ಮಾತನ್ನು ನಿಯಂತ್ರಿಸುವ ಬದಿಯ, ಮೆದುಳಿನಲ್ಲಿ ರೋಗವಿರುವ, ನೆನಪು ಇನ್ನೂ ಚೆನ್ನಾಗಿರುವ ಶಿಕ್ಷಕರೊಬ್ಬರಿಗೆ ಲೇಸರ್ ಸೂಕ್ತವೆನಿಸಬಹುದು. ಮಾತು ಇಲ್ಲದ ಬದಿಯಲ್ಲಿ ಸ್ಪಷ್ಟವಾದ ಗಾಯದ ಗುರುತಿರುವವರಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಮೇಲಾಗಬಹುದು. "ಎರಡನ್ನೂ ಮಾಡಬಲ್ಲವರಾದರೆ ಇವರಿಗೆ ಯಾವುದನ್ನು ಆರಿಸುತ್ತಿದ್ದಿರಿ, ಏಕೆ?" ಎಂದು ವೈದ್ಯರನ್ನು ನೇರವಾಗಿ ಕೇಳಿ.

ಏನೂ ಮಾಡಿಸದೆ ಹೀಗೇ ಇದ್ದರೆ?

ಹೀಗೇ ಇರುವುದರಲ್ಲೂ ಅಪಾಯವಿದೆ, ಮತ್ತು ಅದನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಮೂರ್ಛೆರೋಗವಿರುವ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಂತೆ, ಬೇರೆ ಕಾರಣವಿಲ್ಲದೆ, ಹೆಚ್ಚಾಗಿ ನಿದ್ದೆಯಲ್ಲೇ ಹಠಾತ್ತನೆ ಸಾಯುತ್ತಾರೆ; ಮೈಯೆಲ್ಲ ಅದುರುವ ಸೆಳವು ಪದೇ ಪದೇ ಬರುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮಂಡ್ಯ ಸೀಮೆಯ ಬದುಕಿನಲ್ಲಿ ನೀರು ಮತ್ತು ಬೆಂಕಿ ಎರಡೂ ಹತ್ತಿರದಲ್ಲೇ ಇರುತ್ತವೆ. ವಿಶ್ವೇಶ್ವರಯ್ಯ ನಾಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ, ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆಯ ಪಕ್ಕ ನಿಂತು ಕಬ್ಬಿನ ಹಾಲಿನ ಕಿಟ್ಟ ತೆಗೆಯುವಾಗ ಅರ್ಧ ನಿಮಿಷ ಎಚ್ಚರ ತಪ್ಪಿದರೂ ಪ್ರಾಣಕ್ಕೆ ಕುತ್ತು. ಶಸ್ತ್ರಚಿಕಿತ್ಸೆಯ ಅಪಾಯವನ್ನು ಇದರೊಡನೆ ಹೋಲಿಸಿ ತೂಗಬೇಕೇ ಹೊರತು ಅಪಾಯವೇ ಇಲ್ಲದ ಬದುಕಿನೊಡನೆ ಅಲ್ಲ. ತೀರ್ಮಾನ ಆಗುವವರೆಗೂ ನಾಲೆ, ಕೆರೆ, ತೆರೆದ ಬಾವಿ, ಒಲೆಯ ಮುಂದೆ ಒಬ್ಬರನ್ನೇ ಬಿಡಬೇಡಿ; ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕುವುದು ಬೇಡ.

ಯಾವ ಪರೀಕ್ಷೆಗಳನ್ನು ಮಾಡುತ್ತಾರೆ? ಇಷ್ಟೊಂದು ಏಕೆ?

ಒಂದೇ ಪರೀಕ್ಷೆ ಜಾಗವನ್ನು ಖಚಿತಪಡಿಸುವುದಿಲ್ಲ. ಹಲವು ಪರೀಕ್ಷೆಗಳು ಒಂದೇ ಜಾಗವನ್ನು ತೋರಿಸಬೇಕು. ಮೊದಲನೆಯದು, ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದೃಶ್ಯದ ಜೊತೆ ದಾಖಲಿಸುವ ವಿಡಿಯೋ ಇ.ಇ.ಜಿ. ಕೆಲವು ದಿನ ಆಸ್ಪತ್ರೆಯಲ್ಲಿ ಉಳಿಸಿಕೊಂಡು, ತಲೆಗೆ ತಂತಿ ಅಂಟಿಸಿ, ಕ್ಯಾಮೆರಾ ಮುಂದಿಟ್ಟು, ಮಾತ್ರೆಗಳನ್ನು ನಿಗಾದಲ್ಲಿ ಇಳಿಸಿ, ಫಿಟ್ಸ್ ಬರಲೆಂದೇ ಕಾಯುತ್ತಾರೆ. ಫಿಟ್ಸ್ ಬಾರದಿರಲೆಂದು ಇಷ್ಟು ವರ್ಷ ಹರಕೆ ಹೊತ್ತ ತಾಯಿಗೆ ಇದನ್ನು ನೋಡುತ್ತ ಕೂರುವುದು ಕಷ್ಟವೇ. ಆದರೂ ಜೊತೆಗಿರುವವರು ಆ ಹೊತ್ತಿನಲ್ಲಿ ಮೊದಲು ಸೆಳವು ಬಂತೆಂದು ತಿಳಿಸುವ ಗುಂಡಿ ಒತ್ತಿ, ಹೊದಿಕೆ ಸರಿಸಿ, ಕ್ಯಾಮೆರಾಗೆ ಅಡ್ಡ ನಿಲ್ಲದೆ, ಹೆಸರು ಹಿಡಿದು ಕರೆದು ಒಂದು ಪದ ನೆನಪಿಡಲು ಹೇಳಿದರೆ ಪರೀಕ್ಷೆಗೆ ದೊಡ್ಡ ನೆರವಾಗುತ್ತದೆ. ಮನೆಯಲ್ಲಿ ಮಾತ್ರೆ ಇಳಿಸಿಕೊಂಡು ಹೋಗುವುದು ಮಾತ್ರ ಎಂದಿಗೂ ಬೇಡ.

ಊರಿನಲ್ಲಿ ಹಿಂದೆ ಮಾಡಿಸಿದ ಎಂ.ಆರ್.ಐ. "ನಾರ್ಮಲ್" ಎಂದಿದ್ದರೂ ಮತ್ತೆ ಮಾಡಿಸಲು ಹೇಳುತ್ತಾರೆ, ಏಕೆಂದರೆ ಮೂರ್ಛೆರೋಗಕ್ಕೆಂದೇ ತೆಳು ತೆಳು ಪದರಗಳಲ್ಲಿ ತೆಗೆಯುವ ಕ್ರಮ ಬೇರೆಯೇ ಇದೆ. ಹಳೆಯ ಫಿಲ್ಮ್ ಮತ್ತು ಸಿ.ಡಿ.ಗಳನ್ನು ಒಯ್ಯಿರಿ, ವರದಿಯ ಕಾಗದವಷ್ಟೇ ಸಾಲದು. ಅಗತ್ಯವಿದ್ದರೆ ಪೆಟ್ ಸ್ಕ್ಯಾನ್ ಮತ್ತಿತರ ಪರೀಕ್ಷೆಗಳು ಸೇರುತ್ತವೆ.

ನೆನಪು, ಮಾತು, ಗಮನಗಳನ್ನು ಅಳೆಯುವ ನರಮನೋವೈಜ್ಞಾನಿಕ ಪರೀಕ್ಷೆ ಕೆಲವು ಗಂಟೆ ಹಿಡಿಯುತ್ತದೆ. ರೋಗಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಅದು ನಡೆಯಬೇಕು. ಮನೆಯಲ್ಲಿ ಕನ್ನಡವೋ, ಉರ್ದುವೋ, ತೆಲುಗೋ, ಓದಿದ್ದು ಯಾವ ಮಾಧ್ಯಮ ಎಂದು ಮೊದಲೇ ತಿಳಿಸಿ. ಭಾಷೆ ಬಾರದ್ದರಿಂದ ಕಡಿಮೆ ಅಂಕ ಬಂದರೆ ಮೆದುಳು ಸೋತಿದೆ ಎಂಬ ತಪ್ಪು ಅಭಿಪ್ರಾಯಕ್ಕೆ ದಾರಿಯಾಗುತ್ತದೆ. ಖಿನ್ನತೆ, ಆತಂಕಗಳ ಬಗ್ಗೆ ಮನೋವೈದ್ಯರು ಕೇಳುವುದೂ ಇದರ ಭಾಗವೇ, ಮರೆಮಾಚುವಂಥದ್ದೇನೂ ಇಲ್ಲ.

ಇಷ್ಟಾದರೂ ಜಾಗ ಸ್ಪಷ್ಟವಾಗದಿದ್ದರೆ ತೆಳು ತಂತಿಗಳನ್ನು ಸಣ್ಣ ರಂಧ್ರಗಳ ಮೂಲಕ ಮೆದುಳಿನೊಳಗೆ ಇಳಿಸಿ ಕೆಲವು ದಿನ ದಾಖಲಿಸುವ ಎಸ್.ಇ.ಇ.ಜಿ. ಬೇಕಾಗಬಹುದು. ಇದನ್ನು ಪ್ಯಾರಿಸ್ಸಿನಲ್ಲಿ ತಲೈರಾಕ್ ಮತ್ತು ಬಾಂಕೋ ಎಂಬ ವೈದ್ಯರು ರೂಪಿಸಿದರು. ಕೊನೆಗೆ ಎಲ್ಲ ತಜ್ಞರೂ ಒಟ್ಟಿಗೆ ಕುಳಿತು ಚರ್ಚಿಸುತ್ತಾರೆ. ಅಲ್ಲಿ "ಇವರಿಗೆ ಬೇಡ" ಎಂದಾಗುವುದೂ ಉಂಟು. ಪರೀಕ್ಷೆಗಳಿಗೆ ಕೊಟ್ಟ ಸಮಯ ಆಗಲೂ ವ್ಯರ್ಥವಲ್ಲ, ತಪ್ಪು ಶಸ್ತ್ರಚಿಕಿತ್ಸೆಯೊಂದು ತಪ್ಪಿತು.

ಅಪಾಯಗಳೇನು?

ಮೆದುಳಿನೊಳಗೆ ರಕ್ತಸ್ರಾವ, ಸೋಂಕು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. ಟೆಂಪೊರಲ್ ಲೋಬ್ ಚಿಕಿತ್ಸೆಯಲ್ಲಿ ದೃಷ್ಟಿಯ ಮೇಲಿನ ಮೂಲೆಯೊಂದು ಮಸುಕಾಗಬಹುದು. ಮಾತಿನ ಬದಿಯಲ್ಲಾದರೆ ಕೇಳಿದ್ದನ್ನು ನೆನಪಿಡುವುದು ಕಷ್ಟವಾಗಬಹುದು, ಲೇಸರಿನಲ್ಲೂ ಈ ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಮನಸ್ಸು ಕುಗ್ಗುವುದು, ಸಿಡಿಮಿಡಿ ಹೆಚ್ಚುವುದು ಸಾಮಾನ್ಯ. ಅದನ್ನು ಸ್ವಭಾವವೆಂದು ತಳ್ಳಿಹಾಕದೆ ವೈದ್ಯರಿಗೆ ಹೇಳಿ. ನಿಮ್ಮ ಆಸ್ಪತ್ರೆಯಲ್ಲೇ ಇಂಥ ಚಿಕಿತ್ಸೆ ಎಷ್ಟು ಮಂದಿಗೆ ಆಗಿದೆ, ತೊಂದರೆ ಎಷ್ಟು ಮಂದಿಗೆ ಆಯಿತು ಎಂದು ಕೇಳುವುದು ಅಗೌರವವಲ್ಲ.

ಎಲ್ಲಿಗೆ ಹೋಗಬೇಕು? ಖರ್ಚು ಹೇಗೆ?

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಅಥವಾ ನೀವು ತೋರಿಸುತ್ತಿರುವ ನರರೋಗ ತಜ್ಞರಿಂದ ಶುರು ಮಾಡಿ, ಇದುವರೆಗಿನ ಎಲ್ಲ ಔಷಧಗಳ ಹೆಸರು, ಪ್ರಮಾಣ, ಬಿಟ್ಟ ಕಾರಣಗಳಿರುವ ರೆಫರಲ್ ಪತ್ರ ಪಡೆಯಿರಿ. ಮೂರ್ಛೆರೋಗದ ಪೂರ್ಣ ಪರಿಶೀಲನೆಗೆ ನಮಗೆ ಹತ್ತಿರದ ದೊಡ್ಡ ಸರ್ಕಾರಿ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1995ರಿಂದ ಇದಕ್ಕೆಂದೇ ಕಾರ್ಯಕ್ರಮ ನಡೆಯುತ್ತಿದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ಆದರೆ ನಿಮಗೆ ಹೇಳಿದ ವಿಧಾನ, ವಿಶೇಷವಾಗಿ ಲೇಸರ್, ಪ್ಯಾಕೇಜಿನಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ದಾಖಲಾಗುವ ಮುಂಚೆಯೇ ಕೇಳಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಇದ್ದರೆ ಅದನ್ನೂ ತೋರಿಸಲಿ. ಪರೀಕ್ಷೆಗಳ, ಓಡಾಟದ, ಊಟ ವಸತಿಯ ಖರ್ಚು ಬೇರೆಯೇ ಆಗುತ್ತದೆ. ಆ ಹಣವನ್ನು ಪ್ರತ್ಯೇಕವಾಗಿ ಎತ್ತಿಡಿ.

ತೀರ್ಮಾನ ಯಾರದು?

ವಯಸ್ಕರಾದರೆ ರೋಗಿಯದೇ. ದೊಡ್ಡಪ್ಪ, ಮಾವ, ಭಾವ ಎಲ್ಲರೂ ಮಾತನಾಡಿ ಮುಗಿಸಿದ ಮೇಲೆ ಕೊನೆಗೆ ರೋಗಿಯನ್ನು ಕೇಳುವ ಪದ್ಧತಿ ಬದಲಾಗಬೇಕು. ಹೆಣ್ಣುಮಕ್ಕಳ ವಿಚಾರದಲ್ಲಿ "ಆಪರೇಷನ್ ಆದದ್ದು ಗೊತ್ತಾದರೆ ಮದುವೆ ಹೇಗೆ" ಎಂದು ಮುಂದೂಡುತ್ತ, ರೋಗವನ್ನು ಬಚ್ಚಿಟ್ಟು ಮದುವೆ ಮಾಡಿ, ಹೊಸ ಮನೆಯಲ್ಲಿ ಕದ್ದು ಮಾತ್ರೆ ನುಂಗಬೇಕಾದ ಸ್ಥಿತಿ ತರುವುದು ಅವಳಿಗೆ ಮಾಡುವ ಅನ್ಯಾಯ. ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಮಕ್ಕಳಿಗೂ ಅವರಿಗೆ ತಿಳಿಯುವ ಮಾತಿನಲ್ಲಿ ಏನು ನಡೆಯಲಿದೆ ಎಂದು ಹೇಳಬೇಕು.

ಆಪರೇಷನ್ನಿಗೆ ಮುಂಚಿನ ವಾರಗಳಲ್ಲಿ ಏನು ಮಾಡಬೇಕು?

ಫಿಟ್ಸ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ಆಪರೇಷನ್ ದಿನ ಬೆಳಿಗ್ಗೆ ಹೊಟ್ಟೆ ಖಾಲಿಯಿರಬೇಕೆಂದರೂ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಬೇಕೇ ಎಂದು ಅರಿವಳಿಕೆ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಗುಳಿಗೆ, ನಾಟಿ ಔಷಧ, ಕಷಾಯ ಏನಿದ್ದರೂ ತಿಳಿಸಿ. ವಾಲ್ಪ್ರೊಯೇಟ್ ಎಂಬ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ವಿಶೇಷವಾಗಿ ನೋಡುತ್ತಾರೆ. ಯಾವುದನ್ನೂ ತಾವಾಗಿ ನಿಲ್ಲಿಸಬೇಡಿ. ಜ್ವರ, ಕೆಮ್ಮು ಬಂದರೆ ಹೊರಡುವ ಮೊದಲೇ ಫೋನ್ ಮಾಡಿ. ದೇಹದೊಳಗೆ ಲೋಹದ ತುಂಡು, ಪೇಸ್‌ಮೇಕರ್ ಇದ್ದರೆ ಎಂ.ಆರ್.ಐ. ಕಾರಣದಿಂದ ಹೇಳಲೇಬೇಕು.

ನಿದ್ದೆಗೆಡುವುದು ಸೆಳವನ್ನು ಕೆರಳಿಸುತ್ತದೆ. ಆ ವಾರ ಜಾತ್ರೆ, ರಾತ್ರಿಯ ನಾಟಕ ಬೇಡ. ನಡುರಾತ್ರಿ ಕರೆಂಟ್ ಬಂತೆಂದು ಗದ್ದೆಗೆ ನೀರು ಹಾಯಿಸಲು ಹೋಗುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ. ಕಬ್ಬಿನ ಕಟಾವು, ನಾಟಿಯ ದಿನಗಳು ಹತ್ತಿರವಿದ್ದರೆ ದಿನಾಂಕ ಗೊತ್ತುಮಾಡುವಾಗಲೇ ಹೇಳಿ, ಏಕೆಂದರೆ ಮನೆಗೆ ಬಂದ ಮೇಲೂ ಕೆಲವು ವಾರ ಭಾರ ಎತ್ತುವ ಕೆಲಸ ಕೂಡದು.

ತಲೆ ಪೂರ್ತಿ ಬೋಳಿಸುತ್ತಾರೆಯೇ?

ಇಲ್ಲ. ರಂಧ್ರದ ಸುತ್ತ ಸ್ವಲ್ಪ ಜಾಗದ ಕೂದಲನ್ನಷ್ಟೇ ತೆಗೆಯುತ್ತಾರೆ. ಮುಡಿ ಕೊಡುವ ಹರಕೆಯಿದ್ದರೆ ಗಾಯ ಪೂರ್ತಿ ಮಾಗಿದ ಮೇಲೆ ತೀರಿಸಿ.

ಆದ ಮೇಲೆ ಮಾತ್ರೆ ಬಿಡಬಹುದೇ? ಗಾಡಿ ಓಡಿಸಬಹುದೇ?

ತಕ್ಷಣ ಬಿಡುವಂತಿಲ್ಲ. ಸೆಳವು ನಿಂತವರಲ್ಲೂ ಸಾಮಾನ್ಯವಾಗಿ ಒಂದೆರಡು ವರ್ಷ ಕಾದು, ನಿಧಾನವಾಗಿ ಇಳಿಸುತ್ತಾರೆ. ಕೆಲವರಿಗೆ ಒಂದು ಮಾತ್ರೆ ಕೊನೆಯವರೆಗೂ ಉಳಿಯುತ್ತದೆ. ಮೊದಲ ದಿನಗಳಲ್ಲಿ ಮೆದುಳಿನ ಊತದಿಂದ ಒಂದೆರಡು ಫಿಟ್ಸ್ ಬಂದರೆ ಚಿಕಿತ್ಸೆ ಸೋತಿತೆಂದು ಅರ್ಥವಲ್ಲ. ಚಾಲನಾ ಪರವಾನಗಿಯ ಅರ್ಜಿಯಲ್ಲಿ ಮೂರ್ಛೆರೋಗದ ಬಗ್ಗೆ ನೇರ ಪ್ರಶ್ನೆಯಿದೆ, ಸುಳ್ಳು ಬರೆಯಬಾರದು. ಬೈಕ್, ಟ್ರ್ಯಾಕ್ಟರ್ ಎರಡನ್ನೂ ವೈದ್ಯರು ಹೇಳುವವರೆಗೆ ಮುಟ್ಟಬೇಡಿ. ಪದ ನೆನಪಾಗದೆ ತಡವರಿಸುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತರಬೇತಿ ಸಿಗುತ್ತದೆ.

ಫಿಟ್ಸ್ ನಿಲ್ಲದಿದ್ದರೆ ಮುಂದೇನು?

ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿ ಫಲಿಸದಿದ್ದವರಿಗೆ ಅದನ್ನೇ ಮತ್ತೊಮ್ಮೆ ಮಾಡಲು ಅಥವಾ ತೆರೆದ ಶಸ್ತ್ರಚಿಕಿತ್ಸೆ ಮಾಡಲು ಅವಕಾಶವಿರುತ್ತದೆ. ಅದಕ್ಕೆ ಮೊದಲು ವಿಡಿಯೋ ಇ.ಇ.ಜಿ., ಎಂ.ಆರ್.ಐ.ಗಳನ್ನು ಮತ್ತೆ ಮಾಡಿ ಉಳಿದ ಮೂಲ ಎಲ್ಲಿದೆ ಎಂದು ಹುಡುಕುತ್ತಾರೆ. ಹೀಗಾಗಿ ಆಪರೇಷನ್ ಆದ ದಿನದಿಂದಲೇ ಸೆಳವು ಬಂದ ದಿನ, ಹೊತ್ತು, ಬಗೆಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತ ಬನ್ನಿ, ಡಿಸ್ಚಾರ್ಜ್ ಸಾರಾಂಶ ಮತ್ತು ಎಂ.ಆರ್.ಐ. ಸಿ.ಡಿ.ಗಳನ್ನು ಅದರ ಜೊತೆಗೇ ಇಡಿ.